ಪ್ರಯೋಗಾಲಯದ ಓದು: ಗುಂಡಿ ಒತ್ತುವ ಕೆಲಸವಲ್ಲ

ಡೆಂಗಿ ಜ್ವರ ಬಂದ ಮನೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಪ್ಲೇಟ್‌ಲೆಟ್ ಎಷ್ಟಿದೆ? ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1.5 ಲಕ್ಷದಿಂದ 4.5 ಲಕ್ಷದಷ್ಟಿರುವ ಈ ಕಣಗಳು 40 ಸಾವಿರಕ್ಕೆ ಇಳಿದಿವೆ ಎಂದು ವರದಿ ಬಂದರೆ ಮನೆಯವರಿಗೆ ಆ ರಾತ್ರಿ ನಿದ್ದೆಯಿಲ್ಲ. ಡೆಂಗಿಯಲ್ಲಿ ಅವು ನಿಜಕ್ಕೂ ಇಳಿಯುವುದುಂಟು. ಆದರೆ ಇನ್ನೊಂದು ಸಾಧ್ಯತೆಯೂ ಇದೆ. ರಕ್ತ ಹೆಪ್ಪುಗಟ್ಟದಿರಲೆಂದು ಕೊಳವೆಯಲ್ಲಿ ಇಡಿಟಿಎ ಎಂಬ ರಾಸಾಯನಿಕ ಹಾಕಿರುತ್ತಾರೆ. ಕೆಲವೇ ಕೆಲವರ ರಕ್ತದಲ್ಲಿ ಇದು ತಗುಲಿದೊಡನೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪುಗೂಡುತ್ತವೆ. ಎಣಿಸುವ ಯಂತ್ರಕ್ಕೆ ಆ ಗುಂಪುಗಳು ಪ್ಲೇಟ್‌ಲೆಟ್ ಎಂದು ಗೊತ್ತಾಗುವುದಿಲ್ಲ. ಅದು ಕಡಿಮೆ ಸಂಖ್ಯೆ ತೋರಿಸುತ್ತದೆ.

ಇಲ್ಲಿ ಬೇಕಾಗುವುದು ಅನುಮಾನ ಪಡುವ ತಂತ್ರಜ್ಞ. ಆತ ಅಥವಾ ಆಕೆ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಪುಗಳು ಕಣ್ಣಿಗೆ ಬೀಳುತ್ತವೆ. ಸಿಟ್ರೇಟ್ ಇರುವ ಬೇರೆ ಕೊಳವೆಯಲ್ಲಿ ಮತ್ತೆ ರಕ್ತ ಪಡೆದು ಎಣಿಸಿದಾಗ ಸಾಮಾನ್ಯವಾಗಿ ಸರಿಯಾದ ಸಂಖ್ಯೆ ದೊರೆಯುತ್ತದೆ. ರೋಗಿ ಈ ವ್ಯಕ್ತಿಯ ಮುಖವನ್ನೂ ಕಂಡಿರುವುದಿಲ್ಲ.

ಇಂಥ ಅನುಮಾನವನ್ನು ಕಲಿಸುವುದೇ ಬಿ.ಎಸ್ಸಿ. ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ ಪದವಿ. ವೈದ್ಯಕೀಯ ಸೀಟು ಕೈತಪ್ಪಿದವರಿಗೆ ಇದೊಂದು ಸಮಾಧಾನದ ಬಹುಮಾನ ಎಂದು ಅನೇಕ ತಂದೆತಾಯಿಯರು ತಿಳಿದಿದ್ದಾರೆ. ಹಾಗೆ ತಿಳಿದು ಮಕ್ಕಳನ್ನು ಸೇರಿಸುವುದಕ್ಕಿಂತ ಸೇರಿಸದಿರುವುದೇ ಲೇಸು. ಕರ್ನಾಟಕದಲ್ಲಿ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಹಲವು ಕಾಲೇಜುಗಳಲ್ಲಿ ಈ ಕೋರ್ಸ್ ಇದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಮೂರು ವರ್ಷ ಪಾಠ, ಆಮೇಲೆ ಒಂದು ವರ್ಷ ಇಂಟರ್ನ್‌ಷಿಪ್. ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ರೋಗಶಾಸ್ತ್ರ ಮುಖ್ಯ ವಿಷಯಗಳು.

ಪುಸ್ತಕದ ರಸಾಯನಶಾಸ್ತ್ರ ಇಲ್ಲಿ ದಿನವೂ ಕೆಲಸಕ್ಕೆ ಬರುತ್ತದೆ. ದೇಹದಿಂದ ಹೊರಬಂದ ಮೇಲೂ ರಕ್ತದ ಕಣಗಳು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಕಣಗಳನ್ನು ಬೇರ್ಪಡಿಸದೆ ಕೊಠಡಿಯ ಉಷ್ಣತೆಯಲ್ಲಿ ಇಟ್ಟರೆ ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು ಗ್ಲೂಕೋಸ್ ಇಳಿಯುತ್ತದೆ. ಸಕ್ಕರೆ ಪರೀಕ್ಷೆಗೆ ಫ್ಲೋರೈಡ್ ಹಾಕಿದ ಪ್ರತ್ಯೇಕ ಕೊಳವೆ ಬಳಸುವುದು ಈ ಇಳಿತವನ್ನು ತಡೆಯಲೆಂದೇ. ಇನ್ನು ಪೊಟ್ಯಾಷಿಯಂ. ಕೆಂಪು ಕಣದೊಳಗೆ ಇದು ಹೊರಗಿನ ದ್ರವಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಇರುತ್ತದೆ. ರಕ್ತ ಸೆಳೆಯುವಾಗ ಒರಟುತನದಿಂದ ಕಣಗಳು ಒಡೆದರೆ ಪೊಟ್ಯಾಷಿಯಂ ಹೊರಗೆ ಸುರಿದು, ಹೃದಯಕ್ಕೇ ಅಪಾಯವೆಂಬಂಥ ಅಂಕಿ ಬರಬಹುದು. ಸೀರಂ ಕೆಂಪಾಗಿರುವುದನ್ನು ಕಂಡು ಆ ಮಾದರಿಯನ್ನು ನಿರಾಕರಿಸುವ ಧೈರ್ಯ ತಂತ್ರಜ್ಞರಿಗಿರಬೇಕು. ವಾರ್ಡಿನವರು ಗೊಣಗಿದರೂ ಸರಿಯೆ!

ಕಾಲೇಜು ಆರಿಸುವಾಗ ಕಟ್ಟಡದ ಚೆಂದಕ್ಕೆ ಮರುಳಾಗಬೇಡಿ. ಜೊತೆಗೆ ರೋಗಿಗಳು ತುಂಬಿದ ಆಸ್ಪತ್ರೆ ಇದೆಯೇ, ಒಂದು ಸೂಕ್ಷ್ಮದರ್ಶಕಕ್ಕೆ ಎಷ್ಟು ವಿದ್ಯಾರ್ಥಿಗಳು ಎಂದು ಕೇಳಿ. ಕೋರ್ಸಿಗೆ ಮಾನ್ಯತೆ ಇದೆಯೇ ಎಂಬುದನ್ನು ವಿಶ್ವವಿದ್ಯಾಲಯದಿಂದಲೇ ಖಚಿತಪಡಿಸಿಕೊಳ್ಳಿ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹವರ್ತಿ ಆರೋಗ್ಯ ವೃತ್ತಿಪರರ ಕಾಯ್ದೆಯ ವ್ಯಾಪ್ತಿಗೆ ಈ ವೃತ್ತಿಯೂ ಸೇರಿದೆ.

ಕೆಲವು ಮಾತುಗಳನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ಪದವಿ ಪಡೆದವರು ವೈದ್ಯರಾಗುವುದಿಲ್ಲ. ರೋಗಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರೇ ಪ್ರಯೋಗಾಲಯದ ವರದಿಗೆ ಸಹಿ ಹಾಕಬೇಕೆಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಚಿಕ್ಕ ಖಾಸಗಿ ಪ್ರಯೋಗಾಲಯಗಳಲ್ಲಿ ಮೊದಮೊದಲ ಸಂಬಳ ಕಡಿಮೆಯೇ. ರಾತ್ರಿ ಪಾಳಿ ತಪ್ಪದು. ಆದರೆ ಆಸ್ಪತ್ರೆ, ರಕ್ತ ಕೇಂದ್ರ, ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ ಎಲ್ಲೆಡೆಯೂ ಇವರು ಬೇಕು; ಎಂ.ಎಸ್ಸಿ. ಮಾಡಿದವರಿಗೆ ಬೋಧನೆಯ ದಾರಿಯೂ ಉಂಟು.

ಸೇರುವ ಮುನ್ನ ಪರಿಚಯದ ಆಸ್ಪತ್ರೆಯಲ್ಲಿ ಕೇಳಿಕೊಂಡು, ಒಂದು ಬೆಳಗಿನ ಹೊತ್ತು ಅಲ್ಲಿನ ಪ್ರಯೋಗಾಲಯವನ್ನು ಮಗನಿಗೋ ಮಗಳಿಗೋ ತೋರಿಸಿ. ಕಫ, ಮಲ, ಮೂತ್ರಗಳ ನಡುವೆ ಕೆಲಸ ಮಾಡಬೇಕಾದುದನ್ನು ಅವರು ಕಣ್ಣಾರೆ ಕಾಣಲಿ. ಸೇರುವುದು ನಿಶ್ಚಯವಾದರೆ ಹೆಪಟೈಟಿಸ್-ಬಿ ಲಸಿಕೆ ಆಗಿದೆಯೇ ವಿಚಾರಿಸಿ; ಆಗಿಲ್ಲದಿದ್ದರೆ ಆರು ತಿಂಗಳ ಅವಧಿಯಲ್ಲಿ ಮೂರು ಚುಚ್ಚುಮದ್ದು ಪೂರೈಸಬೇಕಾಗುತ್ತದೆ. ಮೊದಲನೆಯದನ್ನು ತರಗತಿ ಶುರುವಾಗುವ ಮುಂಚೆಯೇ ಹಾಕಿಸಿ.