ಪರರಾಜ್ಯವಾಸವೂ ಒಂಟಿ ತಾಯಿಯ ಯೋಗಕ್ಷೇಮವೂ

ಹಿಂದಿನ ಕಾಲದಲ್ಲಿ ಕಾಗದ ಬರೆಯುವವರು ಮೊದಲ ಪಂಕ್ತಿಯಲ್ಲಿಯೇ ಯೋಗಕ್ಷೇಮವನ್ನು ವಿಚಾರಿಸುತ್ತಿದ್ದರು. ಈ ಪದದ ಅರ್ಥವನ್ನು ಬಿಡಿಸಿ ನೋಡಿದವರು ಕಡಮೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಇವೆರಡೂ ಸೇರಿದರೇ ಸಂಸಾರ. ಪಡೆಯುವ ಆತುರದಲ್ಲಿ ಇದ್ದುದನ್ನು ಕಳೆದುಕೊಂಡವನಿಗೆ ಯೋಗವಾದೀತೇ ಹೊರತು ಕ್ಷೇಮವಾಗದು. ಊರು ಬಿಟ್ಟು ಊರಿಗೆ, ಅದರಲ್ಲಿಯೂ ರಾಜ್ಯ ಬಿಟ್ಟು ರಾಜ್ಯಕ್ಕೆ ಹೊರಡುವವರು ಈ ಎರಡು ಮಾತುಗಳನ್ನೂ ಒಟ್ಟಿಗೆ ನೆನೆಯುವುದು ಒಳ್ಳೆಯದು.

ಸಂಸಾರದ ನೊಗಕ್ಕೆ ಎರಡು ಹೆಗಲಿದ್ದಾಗಲೇ ಭಾರ ಹೆಚ್ಚು. ಗಂಡನನ್ನು ಕಳೆದುಕೊಂಡವಳು, ಗಂಡನಿಂದ ಬೇರೆಯಾದವಳು, ಹೆಂಡತಿಯಿಲ್ಲದೆ ಮಕ್ಕಳನ್ನು ಸಾಕುವ ತಂದೆ, ಇವರೆಲ್ಲರೂ ಆ ನೊಗವನ್ನು ಒಂದೇ ಹೆಗಲಿನಲ್ಲಿ ಎಳೆಯತಕ್ಕವರು. ಸಂಬಳ ಒಂದು, ಕೈಗಳು ಎರಡು. ಬಾಡಿಗೆ, ಶಾಲೆ, ಔಷಧಿ, ಅಡಿಗೆ ಇವು ಮಾತ್ರ ಯಾರಿಗೂ ಅರ್ಧವಾಗುವುದಿಲ್ಲ. ಆದಕಾರಣ ದೊಡ್ಡ ಪಟ್ಟಣಗಳಲ್ಲಿ ಬಾಡಿಗೆಯು ಏರಿದಾಗ ಮೊದಲು ಗಂಟು ಕಟ್ಟುವವರು ಇವರೇ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ದುಡಿಯುವ ಇಂಥವರ ಕಣ್ಣು ಸಹಜವಾಗಿಯೇ ಅತ್ತಿಬೆಲೆಯ ಗಡಿಯಾಚೆಗೆ, ತಮಿಳುನಾಡಿನ ಹೊಸೂರಿನ ಕಡೆಗೆ ಹೊರಳುತ್ತದೆ.

ಹೊಸೂರು ನಮಗೆ ಅಪರಿಚಿತವಾದ ಊರಲ್ಲ. ಬೆಂಗಳೂರಿಗೆ ಸುಮಾರು ೪೦ ಕಿಲೋಮೀಟರು ದೂರ; ಅದೇ ತಂಪು ಹವೆ; ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕೇಳಿಬರುತ್ತವೆ. ರಾಜಾಜಿಯವರು ೧೮೭೮ ರಲ್ಲಿ ಹುಟ್ಟಿದ ತೊರಪಳ್ಳಿ ಅಲ್ಲಿಗೆ ಸಮೀಪ. ಕಾರ್ಖಾನೆಗಳು ಬೆಳೆದಂತೆ ಊರೂ ಬೆಳೆದು ೨೦೧೯ ರಲ್ಲಿ ನಗರಪಾಲಿಕೆಯಾಯಿತು. ೨೦೨೫ ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಮೆಟ್ರೋ ರೈಲು ಬೊಮ್ಮಸಂದ್ರದವರೆಗೆ ಬಂದ ಮೇಲಂತೂ ಗಡಿಯು ಇನ್ನೂ ಹತ್ತಿರವಾದಂತೆ ಜನರಿಗೆ ತೋರುತ್ತಿದೆ. ಆದರೆ ಕಣ್ಣಿಗೆ ಕಾಣದ ಗೆರೆಯೊಂದು ಆ ರಸ್ತೆಗೆ ಅಡ್ಡಲಾಗಿ ಇದೆ. ಕೆಲವು ವಸ್ತುಗಳು ನಮ್ಮೊಡನೆ ಆ ಗೆರೆಯನ್ನು ದಾಟಿ ಬರುತ್ತವೆ. ಕೆಲವು ಈಚೆಯೇ ನಿಲ್ಲುತ್ತವೆ. ಬಾಡಿಗೆಯೊಂದನ್ನೇ ನೋಡದೆ ಈ ಎರಡನ್ನೂ ಪಟ್ಟಿಮಾಡಿ ನೋಡುವುದೇ ವಿವೇಕ.

ಜೊತೆಯಲ್ಲಿ ಬರುವುವು

ಮೊದಲನೆಯದು ಅನ್ನ. ೨೦೧೩ ರ ಆಹಾರ ಭದ್ರತೆಯ ಕಾನೂನಿನ ಪ್ರಕಾರ ಆದ್ಯತೆಯ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ ೫ ಕಿಲೋ ಧಾನ್ಯ ಸಲ್ಲತಕ್ಕದ್ದು. ೨೦೧೯ ರಲ್ಲಿ ಪ್ರಾರಂಭವಾಗಿ ೨೦೨೨ ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿದ 'ಒಂದು ದೇಶ ಒಂದು ಪಡಿತರ ಚೀಟಿ' ಎಂಬ ಏರ್ಪಾಡಿನಿಂದ, ಕರ್ನಾಟಕದ ಚೀಟಿಯನ್ನು ಇಟ್ಟುಕೊಂಡೇ ಹೊಸೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟಿನ ಗುರುತು ಕೊಟ್ಟು ಈ ಧಾನ್ಯವನ್ನು ಪಡೆಯಬಹುದು. ಎರಡು ರಾಜ್ಯಗಳಲ್ಲಿ ಎರಡು ಚೀಟಿಗಳನ್ನು ಇಟ್ಟುಕೊಳ್ಳುವುದು ಮಾತ್ರ ಕೂಡದು.

ಎರಡನೆಯದು ಕೂಡಿಟ್ಟ ಹಣ. ಅಂಚೆಯ ಮನೆಯ ಉಳಿತಾಯ ಖಾತೆ, ಹೆಣ್ಣುಮಗುವಿನ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆ, ಕಾರ್ಖಾನೆಯ ಭವಿಷ್ಯನಿಧಿ, ಇವು ದೇಶದ ಯಾವ ಮೂಲೆಗೆ ಹೋದರೂ ನಮ್ಮವೇ.

ಮೂರನೆಯದು ನ್ಯಾಯ. ಬಿಟ್ಟುಹೋದ ಗಂಡನಿಂದ ಜೀವನಾಂಶ ಕೇಳಬೇಕಾದರೆ ಅವನಿರುವ ಊರಿಗೇ ಅಲೆಯಬೇಕೆಂದು ಅನೇಕ ಸೋದರಿಯರು ತಿಳಿದಿದ್ದಾರೆ. ಹಾಗಿಲ್ಲ. ಹೆಂಡತಿಯು ವಾಸವಾಗಿರುವ ಊರಿನ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದು. ೨೦೨೪ ರ ಜುಲೈ ೧ ರಿಂದ ಜಾರಿಗೆ ಬಂದ ಹೊಸ ದಂಡಪ್ರಕ್ರಿಯೆಯ ಸಂಹಿತೆಯಲ್ಲಿಯೂ ಈ ಹಕ್ಕು ಉಳಿದಿದೆ. ಮನೆಯೊಳಗಿನ ಹಿಂಸೆಯ ವಿರುದ್ಧವಾದ ೨೦೦೫ ರ ಕಾನೂನು, ಹೆಂಗಸು ತಾತ್ಕಾಲಿಕವಾಗಿ ನೆಲಸಿದ ಊರಿನಲ್ಲಿಯೂ ದೂರಲು ಅವಕಾಶ ಕೊಡುತ್ತದೆ. ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಗುವನ್ನು ತಂದೆಯು ಇಂತಿಂಥ ದಿನ ನೋಡಬಹುದೆಂದು ನ್ಯಾಯಾಲಯದ ಆಜ್ಞೆ ಇದ್ದಲ್ಲಿ, ಆ ನ್ಯಾಯಾಲಯದ ಅನುಮತಿಯನ್ನು ಪಡೆಯದೆ ಮಗುವನ್ನು ಬೇರೆ ರಾಜ್ಯಕ್ಕೆ ಕರೆದೊಯ್ಯಬಾರದು. ಆತುರದಿಂದ ಹಾಗೆ ಮಾಡಿದರೆ ಮಗುವು ತನ್ನ ಬಳಿಯಲ್ಲಿ ಉಳಿಯುವುದಕ್ಕೇ ಕುತ್ತು ಬಂದೀತು.

ಗಡಿಯಲ್ಲಿಯೇ ನಿಲ್ಲುವುವು

ರಾಜ್ಯವು ತನ್ನ ನಿವಾಸಿಗಳಿಗೆಂದು ಕೊಡುವುದೆಲ್ಲ ರಾಜ್ಯದ ಗಡಿಯಲ್ಲಿಯೇ ನಿಲ್ಲುತ್ತದೆ. ಕರ್ನಾಟಕ ಸರ್ಕಾರವು ೨೦೨೩ ರಲ್ಲಿ ಪ್ರಾರಂಭಿಸಿದ ಗೃಹಲಕ್ಷ್ಮಿಯ ತಿಂಗಳಿಗೆ ೨,೦೦೦ ರೂಪಾಯಿ, ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ, ಗೃಹಜ್ಯೋತಿಯ ವಿದ್ಯುತ್ತು, ಕೇಂದ್ರದ ಪಾಲಿನ ಮೇಲೆ ರಾಜ್ಯವು ಕೊಡುವ ಹೆಚ್ಚಿನ ಪಡಿತರ, ರಾಜ್ಯದ ವಿಧವಾವೇತನ, ಇವೆಲ್ಲ ಈ ಬಗೆಯವು. ತಮಿಳುನಾಡಿನಲ್ಲಿಯೂ ಇಂಥ ಸೌಲಭ್ಯಗಳಿಲ್ಲವೆಂದಲ್ಲ. ೨೦೨೧ ರಲ್ಲಿ ಅಲ್ಲಿಯೂ ಸಾಮಾನ್ಯ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಬಂದಿತು. ೨೦೨೩ ರಲ್ಲಿ ಮನೆಯೊಡತಿಗೆ ತಿಂಗಳಿಗೆ ೧,೦೦೦ ರೂಪಾಯಿಯ ಯೋಜನೆಯೂ ಬಂದಿತು. ಆದರೆ ಹಣದ ಸಹಾಯವು ಆ ರಾಜ್ಯದ ಪಡಿತರ ಚೀಟಿ ಉಳ್ಳವರಿಗೆ. ನಿನ್ನೆ ಬಂದವರಿಗೆ ಇಂದು ಸಿಕ್ಕುವಂಥದಲ್ಲ. ಒಂದು ರಾಜ್ಯದ ಹಕ್ಕು ಕಳೆದು ಮತ್ತೊಂದು ರಾಜ್ಯದ ಹಕ್ಕು ಇನ್ನೂ ಹುಟ್ಟದ ನಡುವಣ ತಿಂಗಳುಗಳೇ ಒಂಟಿ ಸಂಸಾರಕ್ಕೆ ಕಷ್ಟದ ಕಾಲ. ಜಾತಿಯ ಪ್ರಮಾಣಪತ್ರವೂ ಹೀಗೆಯೇ: ವಲಸೆ ಬಂದ ಪರಿಶಿಷ್ಟರಿಗೆ ಹೊಸ ರಾಜ್ಯದ ಮೀಸಲಾತಿಯು ತಾನಾಗಿ ದೊರೆಯದೆಂದು ಸರ್ವೋಚ್ಚ ನ್ಯಾಯಾಲಯವು ೧೯೯೦ ರಲ್ಲಿಯೇ ತೀರ್ಮಾನಿಸಿದೆ.

ನನ್ನ ಹಳೆಯ ಶಿಷ್ಯೆಯೊಬ್ಬಳು ಎರಡು ವರ್ಷಗಳ ಹಿಂದೆ ಈ ವಿಚಾರವಾಗಿ ಸಲಹೆ ಕೇಳಲು ಬಂದಿದ್ದಳು. ಗಂಡ ತೀರಿಹೋಗಿ, ಬೊಮ್ಮಸಂದ್ರದ ಬಳಿ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಳು. ಮಗಳು ಒಂಬತ್ತನೆಯ ತರಗತಿ, ಮಗ ಎರಡನೆಯ ತರಗತಿ. "ಮೇಷ್ಟ್ರೇ, ಇಲ್ಲಿ ಒಂಬತ್ತು ಸಾವಿರ ಬಾಡಿಗೆ, ಹೊಸೂರಿನಲ್ಲಿ ಐದೂವರೆ ಸಾವಿರಕ್ಕೆ ಇದಕ್ಕಿಂತ ದೊಡ್ಡ ಮನೆ ಇದೆ. ಹೋಗಿಬಿಡಲೇ?" ಎಂದಳು. "ಹೋಗುವೆಯಂತೆ ತಾಯಿ, ಮೊದಲು ಕಾಗದದ ಮೇಲೆ ಹೋಗಿ ನೋಡೋಣ" ಎಂದು ಇಬ್ಬರೂ ಲೆಕ್ಕಕ್ಕೆ ಕುಳಿತೆವು. ಬಾಡಿಗೆಯಲ್ಲಿ ಉಳಿಯುವುದು ೩,೫೦೦ ರೂಪಾಯಿ. ನಿಲ್ಲುವ ಗೃಹಲಕ್ಷ್ಮಿ ೨,೦೦೦. ವಿದ್ಯುತ್ತಿಗೆ ಹೊಸದಾಗಿ ಕೊಡಬೇಕಾದದ್ದು ಸುಮಾರು ೩೦೦. ಗಡಿ ದಾಟಿ ಕೆಲಸಕ್ಕೆ ಬಂದುಹೋಗುವ ಬಸ್ಸಿಗೆ, ಅವಳೇ ವಿಚಾರಿಸಿ ತಂದಂತೆ, ದಿನಕ್ಕೆ ೮೦ ರಂತೆ ಇಪ್ಪತ್ತೈದು ದಿನಕ್ಕೆ ೨,೦೦೦. ಒಟ್ಟು ೪,೩೦೦. ಉಳಿತಾಯವೆಂದು ಹೊರಟದ್ದು ತಿಂಗಳಿಗೆ ೮೦೦ ರೂಪಾಯಿಯ ನಷ್ಟವಾಗಿ ಕುಳಿತಿತು! ಅದೇ ಹೊಸೂರಿನಲ್ಲಿಯೇ ಕೆಲಸ ಸಿಕ್ಕಿ ನಡೆದು ಹೋಗುವಂತಾದರೆ ಬಸ್ಸಿನ ಖರ್ಚು ತಪ್ಪಿ ೧,೨೦೦ ರೂಪಾಯಿ ಉಳಿಯುತ್ತಿತ್ತು. ಅಂದಮೇಲೆ ಅವಳ ಸಂಸಾರವು ಹಗುರಾಗುವುದು ಅಗ್ಗದ ಮನೆಯಿಂದಲ್ಲ, ಮನೆಗೂ ಕೆಲಸಕ್ಕೂ ನಡುವಣ ದಾರಿ ಕಿರಿದಾಗುವುದರಿಂದ ಎಂಬುದು ಇಬ್ಬರಿಗೂ ಸ್ಪಷ್ಟವಾಯಿತು.

ಮಕ್ಕಳ ವಿದ್ಯೆ

ಹಣದ ಲೆಕ್ಕಕ್ಕಿಂತ ಸೂಕ್ಷ್ಮವಾದದ್ದು ಶಾಲೆಯ ಲೆಕ್ಕ. ೨೦೧೦ ರ ಏಪ್ರಿಲ್ ೧ ರಿಂದ ನಡೆಯುತ್ತಿರುವ ಶಿಕ್ಷಣದ ಹಕ್ಕಿನ ಕಾನೂನು ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ದೊಡ್ಡ ಆಸರೆ. ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದರೂ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರುವ ಹಕ್ಕು ಮಗುವಿಗಿದೆ. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ಟಿ.ಸಿ.ಯನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂಬ ಕಾರಣದಿಂದ ಹೊಸ ಶಾಲೆಯವರು ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ವರ್ಷದ ನಡುವೆ ಬಂದಿತೆಂದೂ, ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ. ಆದರೆ ಇದೇ ಕಾನೂನಿನ ಪ್ರಕಾರ ಖಾಸಗಿ ಶಾಲೆಯಲ್ಲಿ ಶೇಕಡ ೨೫ ರ ಪಾಲಿನಲ್ಲಿ ದೊರೆತ ಉಚಿತ ಸ್ಥಾನವು ಮಗುವಿನೊಡನೆ ಬರುವುದಿಲ್ಲ. ಅಂಥ ಸ್ಥಾನ ಸಿಕ್ಕಿದ ಮನೆಯವರು ಹತ್ತು ಸಲ ಯೋಚಿಸಬೇಕು.

ಮುಂದಿನದು ಭಾಷೆ. ತಮಿಳುನಾಡಿನಲ್ಲಿ ೨೦೦೬ ರ ಕಾನೂನಿನಂತೆ ಒಂದರಿಂದ ಹತ್ತನೆಯ ತರಗತಿಯವರೆಗೆ ತಮಿಳು ಮೊದಲ ಭಾಗದ ಕಡ್ಡಾಯ ವಿಷಯ, ಎರಡನೆಯದು ಇಂಗ್ಲಿಷು. ಕರ್ನಾಟಕದಲ್ಲಿಯೂ ೨೦೧೫ ರ ಕಾನೂನಿನಿಂದ ಕನ್ನಡವು ಮೊದಲ ಅಥವಾ ಎರಡನೆಯ ಭಾಷೆಯಾಗಿರಬೇಕು. ಆದಕಾರಣ ಅತ್ತಣಿಂದ ಇತ್ತ ಬರುವವರಿಗೂ ಇದೇ ಪ್ರಶ್ನೆ. ಇದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ನೆಲದ ಭಾಷೆಯನ್ನು ಕಲಿತವನೇ ಆ ನೆಲದಲ್ಲಿ ನೆಂಟನಾಗುತ್ತಾನೆ. ಆದರೆ ವಯಸ್ಸಿನ ವಿವೇಕ ಬೇಕು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದ ಅನುಭವದಿಂದ ಹೇಳುತ್ತೇನೆ: ಏಳೆಂಟು ವರ್ಷದ ಮಗು ಹೊಸ ಲಿಪಿಯನ್ನು ಆಟದಂತೆ ಕಲಿಯುತ್ತದೆ; ಒಂಬತ್ತು ಹತ್ತನೆಯ ತರಗತಿಯ ಮಗುವಿಗೆ ಅದೇ ಲಿಪಿಯು ಬೆಟ್ಟವಾಗುತ್ತದೆ. ಅಕ್ಷರಕ್ಕೆ ಹೆದರಿದ ಮಗುವು ಬರಬರುತ್ತಾ ಗಣಿತಕ್ಕೂ ಹೆದರುವುದನ್ನು ಕಂಡಿದ್ದೇನೆ.

ಇದರ ಜೊತೆಗೆ ಮುಂದಿನ ಓದಿನ ಪ್ರಶ್ನೆಯೂ ಇದೆ. ಕರ್ನಾಟಕದ ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಿಗೆ ಅರ್ಹತೆ ಬೇಕಾದರೆ ಸಾಮಾನ್ಯವಾಗಿ ಒಂದನೆಯ ತರಗತಿಯಿಂದ ಎರಡನೆಯ ಪಿ.ಯು.ಸಿ.ಯ ಒಳಗೆ ಏಳು ವರ್ಷ ಇಲ್ಲಿ ಓದಿರಬೇಕು, ಎಸ್.ಎಸ್.ಎಲ್.ಸಿ.ಯನ್ನಾಗಲಿ ಎರಡನೆಯ ಪಿ.ಯು.ಸಿ.ಯನ್ನಾಗಲಿ ಇಲ್ಲಿಯೇ ಮುಗಿಸಿರಬೇಕು. ಶಿಷ್ಯೆಗೆ ನಾನು ಹೇಳಿದ್ದು ಇಷ್ಟೇ: "ಮಗಳು ಹತ್ತನೆಯ ತರಗತಿಯನ್ನು ಇಲ್ಲಿಯೇ ಮುಗಿಸಲಿ. ಆಗ ಏಳು ವರ್ಷವೂ ತುಂಬಿರುತ್ತದೆ, ಪರೀಕ್ಷೆಯೂ ಆಗಿರುತ್ತದೆ. ಮಗ ಚಿಕ್ಕವನು, ಅವನು ಆಗ ಹೋದರೂ ತಮಿಳು ಕಲಿತಾನು."

ತಾಯಿಯ ಹೆಸರು

ಹೊಸ ಊರಿನಲ್ಲಿ ಪ್ರತಿಯೊಂದು ಅರ್ಜಿಯೂ ತಂದೆಯ ಹೆಸರನ್ನು ಕೇಳುತ್ತದೆ. ಅಲ್ಲಿಯೇ ಅನೇಕ ತಾಯಂದಿರು ತಲೆ ತಗ್ಗಿಸುತ್ತಾರೆ. ಛಾಂದೋಗ್ಯೋಪನಿಷತ್ತಿನಲ್ಲಿ ಜಬಾಲೆಯೆಂಬ ತಾಯಿ ಬರುತ್ತಾಳೆ. ಗುರುಕುಲಕ್ಕೆ ಹೊರಟ ಮಗನು ಗೋತ್ರವನ್ನು ಕೇಳಿದಾಗ, ತಾನು ಪರರ ಸೇವೆಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಅವನನ್ನು ಪಡೆದುದಾಗಿಯೂ, ಗೋತ್ರವನ್ನು ತಾನರಿಯೆನೆಂದೂ, ತನ್ನ ಹೆಸರನ್ನೇ ಹೇಳಿಕೊಳ್ಳಬೇಕೆಂದೂ ತಿಳಿಸುತ್ತಾಳೆ. ಮಗನು ಅದನ್ನೇ ಮರೆಮಾಚದೆ ಹೇಳಿದನು; ಗುರುವು ಆ ಸತ್ಯವನ್ನೇ ಅರ್ಹತೆಯೆಂದು ಸ್ವೀಕರಿಸಿದನು. ಆ ಹುಡುಗನೇ ಸತ್ಯಕಾಮ ಜಾಬಾಲ. ನಮ್ಮ ಸರ್ವೋಚ್ಚ ನ್ಯಾಯಾಲಯವೂ ಈ ದಾರಿಯಲ್ಲಿಯೇ ನಡೆದಿದೆ: ತಂದೆಯು ಬದುಕಿದ್ದರೂ ಮಗುವಿನ ಪಾಲನೆಯಿಂದ ದೂರವಾಗಿದ್ದರೆ ತಾಯಿಯೇ ಸ್ವಾಭಾವಿಕ ಪೋಷಕಳಾಗಬಹುದೆಂದು ೧೯೯೯ ರಲ್ಲಿ ಹೇಳಿತು, ಮದುವೆಯಾಗದ ತಾಯಿಯು ತಂದೆಯ ಹೆಸರನ್ನು ತಿಳಿಸದೆಯೇ ಮಗುವಿನ ಪೋಷಕಳಾಗಬಹುದೆಂದು ೨೦೧೫ ರಲ್ಲಿ ಹೇಳಿತು. ಆದುದರಿಂದ ಶಾಲೆಯ ಮೇಜಿನ ಮುಂದೆ ಯಾವ ತಾಯಿಯೂ ಕುಗ್ಗಬೇಕಾಗಿಲ್ಲ. ಮಗುವಿನ ಜನನಪತ್ರ, ಗಂಡನ ಮರಣಪತ್ರ ಅಥವಾ ನ್ಯಾಯಾಲಯದ ಆಜ್ಞೆ, ಟಿ.ಸಿ., ಅಂಕಪಟ್ಟಿ, ಆಧಾರ್ ಚೀಟಿ, ಇವುಗಳ ನಾಲ್ಕು ನಾಲ್ಕು ಪ್ರತಿಗಳನ್ನು ಒಂದು ಚೀಲದಲ್ಲಿಟ್ಟುಕೊಂಡರೆ ಸಾಕು. ಮನೆಯ ಬಾಡಿಗೆಗೂ ಬರವಣಿಗೆಯ ಕರಾರು ಇರಲಿ. ತಮಿಳುನಾಡಿನಲ್ಲಿ ೨೦೧೯ ರಿಂದ ಜಾರಿಯಲ್ಲಿರುವ ಕಾನೂನು ಇದನ್ನು ಬರೆಸಿ ನೋಂದಾಯಿಸಬೇಕೆಂದು ವಿಧಿಸುತ್ತದೆ. ಪರಸ್ಥಳದಲ್ಲಿ ವಿಳಾಸಕ್ಕೆ ಆಧಾರವೂ ಅದೇ.

ಮಗುವಿನ ಮೇಲಣ ಕಣ್ಣು

ಇನ್ನು ಯಾವ ಲೆಕ್ಕದ ಪುಸ್ತಕಕ್ಕೂ ಹತ್ತದ ಒಂದು ಬಾಬತ್ತು ಉಳಿದಿದೆ. ಶಾಲೆಯು ನಾಲ್ಕು ಗಂಟೆಗೆ ಬಿಡುತ್ತದೆ, ಕಾರ್ಖಾನೆ ಆರಕ್ಕೆ. ಆ ಎರಡು ಗಂಟೆ ಮಗುವನ್ನು ನೋಡುವವರು ಯಾರು? ಹಳೆಯ ವಠಾರದಲ್ಲಿ ಎದುರು ಮನೆಯ ಅಜ್ಜಿ ಕೇಳದೆಯೇ ನೋಡಿಕೊಳ್ಳುತ್ತಿದ್ದಳು. ಅದಕ್ಕೆ ಸಂಬಳವಿರಲಿಲ್ಲವಾದ್ದರಿಂದ ಅದರ ಬೆಲೆಯೂ ನಮಗೆ ತಿಳಿದಿರಲಿಲ್ಲ. ಹೊಸ ಊರಿನಲ್ಲಿ ಅತ್ಯಂತ ತುಟ್ಟಿಯಾದ ವಸ್ತು ಇದೇ. ಅದಕ್ಕಾಗಿ ಮನೆ ಹಿಡಿಯುವ ಮುನ್ನ ಬೀದಿಯನ್ನು ನೋಡಬೇಕು. ಸಂಜೆಯ ವೇಳೆಗೆ ಹೋಗಿ ಅಲ್ಲಿ ಮಕ್ಕಳು ಆಡುತ್ತಾರೆಯೇ, ಹೆಂಗಸರು ಹೊಸಲಿನಲ್ಲಿ ಕುಳಿತಿರುತ್ತಾರೆಯೇ, ಅಂಗನವಾಡಿಯು ಹತ್ತಿರದಲ್ಲಿದೆಯೇ ಎಂಬುದನ್ನು ಕಣ್ಣಾರೆ ಕಂಡು ಬರಬೇಕು. ಕೇಂದ್ರ ಸರ್ಕಾರದ ಸಹಾಯದಿಂದ ನಡೆಯುವ ಉದ್ಯೋಗಸ್ಥ ಮಹಿಳೆಯರ ವಸತಿಗೃಹಗಳಲ್ಲಿ ಗೊತ್ತಾದ ವಯಸ್ಸಿನವರೆಗೆ ಮಕ್ಕಳನ್ನೂ ಜೊತೆಯಲ್ಲಿರಿಸಿಕೊಳ್ಳಲು ಅವಕಾಶವುಂಟು. ಹೋಗುವ ಊರಿನಲ್ಲಿ ಅಂಥದೊಂದು ಇದೆಯೇ ಎಂದು ವಿಚಾರಿಸುವುದೂ ಒಳ್ಳೆಯದು.

ನನ್ನ ಶಿಷ್ಯೆ ಮಗಳ ಪರೀಕ್ಷೆ ಮುಗಿಯುವವರೆಗೆ ಕಾದಳು. ಅಷ್ಟರಲ್ಲಿ ಹೊಸೂರಿನ ಕಾರ್ಖಾನೆಯೊಂದರಲ್ಲಿಯೇ ಕೆಲಸವನ್ನು ಗೊತ್ತುಮಾಡಿಕೊಂಡು, ಬೇಸಗೆಯ ರಜೆಯಲ್ಲಿ ಮನೆ ಬದಲಾಯಿಸಿದಳು. ಐದೂವರೆ ಸಾವಿರದ ದೊಡ್ಡ ಮನೆಯನ್ನು ಬಿಟ್ಟು, ಅಷ್ಟೇ ಬಾಡಿಗೆಗೆ ಸಣ್ಣದೊಂದನ್ನು ಹಿಡಿದಳು. ಏಕೆಂದರೆ ಪಕ್ಕದಲ್ಲಿ ಅವಳ ಜೊತೆಯ ಕೆಲಸದವಳ ತಾಯಿ ಇದ್ದಾಳೆ. ಹುಡುಗ ಈಗ ತಮಿಳಿನಲ್ಲಿ ಮಗ್ಗಿ ಹೇಳುತ್ತಾನಂತೆ. ಮನೆಯಲ್ಲಿ ಕನ್ನಡದ ಕಾಪಿ ಪುಸ್ತಕವನ್ನೂ ಬರೆಯಿಸುತ್ತಾಳಂತೆ. ಮೊದಲ ಆರು ತಿಂಗಳು ಕೈ ಬಿಗಿಯಾಗಿತ್ತೆಂದೂ, ಕೂಡಿಟ್ಟ ಮೂರು ತಿಂಗಳ ಖರ್ಚು ಇಲ್ಲದಿದ್ದರೆ ಹಿಂದಿರುಗಬೇಕಾಗುತ್ತಿತ್ತೆಂದೂ ಅವಳೇ ಹೇಳಿದಳು.

ಆದುದರಿಂದ ಹೊರಡುವ ಸೋದರಿಯರೂ ಸೋದರರೂ ಈ ಕ್ರಮವನ್ನು ಅನುಸರಿಸುವುದು ಲೇಸು. ಮೊದಲು ಕೆಲಸ, ಆಮೇಲೆ ಶಾಲೆ, ಆಮೇಲೆ ಬೀದಿ, ಕಟ್ಟಕಡೆಗೆ ಮನೆ. ಕೈಯಲ್ಲಿ ಮೂರು ತಿಂಗಳ ಖರ್ಚು ಇರಲಿ. ಹೊರಡುವ ಕಾಲವು ಬೇಸಗೆಯ ರಜೆಯಾಗಿರಲಿ. ಬಿಟ್ಟುಹೋಗುವ ಊರಿನ ನೆರೆಹೊರೆಯವರಿಗೂ ಒಂದು ಮಾತು: ಹೋದವರಿಗೆ ತಿಂಗಳಿಗೊಮ್ಮೆ ಫೋನಿನಲ್ಲಾದರೂ ಯೋಗಕ್ಷೇಮವನ್ನು ವಿಚಾರಿಸಿರಿ. ಪಡೆಯಲು ಹೊರಟವರಿಗೆ, ಕಾಪಾಡಿಕೊಳ್ಳುವುದರಲ್ಲಿ ನೆರವಾಗುವುದು ಉಳಿದವರ ಧರ್ಮ.