ದೇವಯಾನಿಯ ಕ್ಷ-ಕಿರಣ ಗಣತಿ

ಕಾರ್ತಿಕ ಮಾಸದಲ್ಲಿ, ಚಂದ್ರನಿಲ್ಲದ ರಾತ್ರಿ, ಬೊಮ್ರಾಸಪೇಟ್‌ನ ಹೊರಗೆ ಹೊಲದ ಬದುವಿನ ಮೇಲೆ ನಿಂತು ಉತ್ತರಾಭಾದ್ರೆಯನ್ನು ಹುಡುಕಬೇಕು. ಅದರ ಎರಡು ನಕ್ಷತ್ರಗಳಲ್ಲಿ ಉತ್ತರದ್ದರಿಂದ ಈಶಾನ್ಯಕ್ಕೆ ಸಾಗುವ ಸಾಲಿನ ಪಕ್ಕದಲ್ಲಿ ಮಂಜಿನ ಹನಿಯಂತೆ ಒಂದು ಮಸುಕು ಬೆಳಕು ಕಾಣುತ್ತದೆ. ಅದೇ ದೇವಯಾನಿ ನೀಹಾರಿಕೆ, ಪಾಶ್ಚಾತ್ಯರ ಆಂಡ್ರೊಮಿಡಾ. ನಮ್ಮ ಆಕಾಶಗಂಗೆಯಂತೆಯೇ ಸುರುಳಿಯಾಕಾರದ ಈ ನಕ್ಷತ್ರಲೋಕ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿಂದ ಬರುವ ಕ್ಷ-ಕಿರಣಗಳ ಮೂಲಗಳನ್ನು ವಿದ್ವಾಂಸರು ಹೇಗೆ ಎಣಿಸಿದರು, ಹೇಗೆ ವರ್ಗೀಕರಿಸಿದರು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲು ಯತ್ನಿಸುತ್ತೇವೆ.

ಆಕಾಶದಿಂದ ಬರುವ ಕ್ಷ-ಕಿರಣಗಳನ್ನು ವಾಯುಮಂಡಲವು ಹೀರಿಬಿಡುತ್ತದೆ. ಅವು ನೆಲವನ್ನು ಮುಟ್ಟುವುದಿಲ್ಲ. ಜೀವಿಗಳಿಗೆ ಇದು ಉಪಕಾರ, ಖಗೋಳಜ್ಞರಿಗೆ ಅಡ್ಡಿ. 1962ರ ಜೂನ್‌ನಲ್ಲಿ ರಿಕಾರ್ಡೊ ಜಿಯಕೋನಿ ಮತ್ತು ಸಂಗಡಿಗರು ರಾಕೆಟ್ಟಿನಲ್ಲಿ ಉಪಕರಣ ಕಳುಹಿಸಿ, ಸೌರವ್ಯೂಹದ ಆಚೆಯ ಮೊದಲ ಕ್ಷ-ಕಿರಣ ಮೂಲವನ್ನು ವೃಶ್ಚಿಕರಾಶಿಯಲ್ಲಿ ಕಂಡರು. ನಮಗೆ ಸಮೀಪದ ಹೈದರಾಬಾದಿನಿಂದಲೇ 1968ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಬಲೂನು ಹಾರಿಸಿ ಅದೇ ಮೂಲವನ್ನು ಅಳೆದರು. ಉಡುಪಿಯ ಬಳಿಯ ಅದಮಾರಿನಲ್ಲಿ ಜನಿಸಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಮೇಲೇರಿದಾಗ, ಅದರಲ್ಲಿಯೂ ಕ್ಷ-ಕಿರಣ ಪ್ರಯೋಗವೊಂದಿತ್ತು. ಕೆಲವೇ ದಿನಗಳಲ್ಲಿ ವಿದ್ಯುತ್ ದೋಷದಿಂದ ಆ ಪ್ರಯೋಗ ನಿಂತಿತು. ಕಲಿತ ಪಾಠ ನಿಲ್ಲಲಿಲ್ಲ.

ದೇವಯಾನಿಯ ವಿಸ್ತೃತ ಗಣತಿಯನ್ನು ಮಾಡಿದ್ದು 1999ರ ಡಿಸೆಂಬರ್‌ನಲ್ಲಿ ಯೂರೋಪಿನವರು ಹಾರಿಸಿದ ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕ. ಅದು ಒಮ್ಮೆಗೆ ನೋಡುವುದು ಪೂರ್ಣಚಂದ್ರನಷ್ಟು ಅಗಲದ ಆಕಾಶವನ್ನು ಮಾತ್ರ. ದೇವಯಾನಿಯ ಉದ್ದವೋ ಆರು ಚಂದ್ರರಿಗೂ ಮಿಕ್ಕಿದ್ದು. ಆದುದರಿಂದ ಹೊಲವನ್ನು ಪಟ್ಟಿಪಟ್ಟಿಯಾಗಿ ಅಳೆಯುವಂತೆ ತುಂಡುತುಂಡಾಗಿ ನೋಡಿ ಜೋಡಿಸಬೇಕಾಯಿತು. 2011ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ 1897 ಮೂಲಗಳಿವೆ. ಅವುಗಳಲ್ಲಿ 914 ಹಿಂದೆ ಕ್ಷ-ಕಿರಣದಲ್ಲಿ ಕಾಣದಿದ್ದವು.

ಎಣಿಕೆಗಿಂತ ವರ್ಗೀಕರಣ ಕಷ್ಟ. ಮೂಲವೊಂದು ಬರಿಯ ಚುಕ್ಕೆ. ಅದರ ಗುಣವನ್ನು ಬಂದ ಕಿರಣಗಳಿಂದಲೇ ಊಹಿಸಬೇಕು. ಇದಕ್ಕೆ ಕಿರಣಗಳನ್ನು ಶಕ್ತಿಗನುಸಾರವಾಗಿ ಮೃದು, ಕಠಿಣ ಎಂದು ಪಂಕ್ತಿಗಳಾಗಿ ವಿಂಗಡಿಸುತ್ತಾರೆ. ಕಠಿಣದಿಂದ ಮೃದುವನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಬರುವುದು ಕಾಠಿಣ್ಯದ ಪ್ರಮಾಣ. ಉದಾಹರಣೆಗೆ, ಮೃದು ಕಿರಣ 80, ಕಠಿಣ ಕಿರಣ 20 ಇದ್ದರೆ ಪ್ರಮಾಣ –0.6. ಏಳನೆಯ ತರಗತಿಯ ಬಾಲಕನೂ ಮಾಡಬಲ್ಲ ಲೆಕ್ಕವಿದು.

ಈ ಪ್ರಮಾಣ ತೀರ ಮೃದುವಾಗಿದ್ದರೆ, ಮೇಲ್ಮೈಯಲ್ಲಿ ಜಲಜನಕವನ್ನು ಉರಿಸುವ ಶ್ವೇತಕುಬ್ಜ ನಕ್ಷತ್ರವೆಂದು ಶಂಕಿಸಬಹುದು. ಮೃದುವಾಗಿದ್ದು, ಕಾಲಕಾಲಕ್ಕೆ ಬದಲಾಗದೆ ಇದ್ದರೆ, ಸಿಡಿದ ನಕ್ಷತ್ರದ ಅವಶೇಷವಿರಬಹುದು. ಕಠಿಣವಾಗಿದ್ದು ಬಹಳವಾಗಿ ಏರಿಳಿಯುತ್ತಿದ್ದರೆ, ಸಂಗಾತಿ ನಕ್ಷತ್ರದ ದ್ರವ್ಯವನ್ನು ಸೆಳೆದುಕೊಳ್ಳುವ ನ್ಯೂಟ್ರಾನ್ ನಕ್ಷತ್ರ ಅಥವಾ ಕಪ್ಪುಕುಳಿ ಇರಬಹುದು. ಕ್ಷ-ಕಿರಣಕ್ಕಿಂತ ಕಣ್ಣಿಗೆ ಕಾಣುವ ಬೆಳಕೇ ಬಹಳ ಹೆಚ್ಚಾಗಿದ್ದರೆ, ಅದು ದೇವಯಾನಿಯದೇ ಅಲ್ಲ; ನಡುದಾರಿಯಲ್ಲಿ ನಿಂತ ನಮ್ಮ ಆಕಾಶಗಂಗೆಯ ನಕ್ಷತ್ರ. ಇನ್ನು ಕೆಲವು ದೇವಯಾನಿಯ ಬೆನ್ನ ಹಿಂದೆ, ಎಷ್ಟೋ ದೂರದಲ್ಲಿರುವ ಬೇರೆ ನಕ್ಷತ್ರಲೋಕಗಳ ಗರ್ಭಗಳು.

ಹೀಗೆ ಒಂದೇ ಅಂಗಳದಲ್ಲಿ ಕಂಡವರೆಲ್ಲ ಆ ಮನೆಯವರಲ್ಲ. ಗಡಿನಾಡಿನ ಉಪಾಧ್ಯಾಯರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರವರೆಗೆ ಕೊಡಂಗಲ್, ತಾಂಡೂರುಗಳು ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಅಂಗಡಿಯ ಫಲಕದ ಲಿಪಿಯನ್ನು ನೋಡಿ ಒಳಮನೆಯ ನುಡಿಯನ್ನು ಬರೆದುಕೊಳ್ಳುವ ಗಣತಿದಾರ ಎಷ್ಟು ತಪ್ಪಬಲ್ಲನೆಂಬುದನ್ನು ನಾವು ಬಲ್ಲೆವು. ಕೇಳದೆ ಬರೆದ ಹೆಸರಿಗಿಂತ, ಕೇಳಿ ಬರೆಯಲೆಂದು ಬಿಟ್ಟ ಖಾಲಿ ಮನೆಯೇ ಲೇಸು.

ಆ ಪಟ್ಟಿಯಲ್ಲಿ ನಮಗೆ ಅತ್ಯಂತ ಗೌರವಾರ್ಹವಾಗಿ ತೋರಿದುದು ಈ ಸಂಯಮವೇ. ಸುಮಾರು ಮೂರರಲ್ಲಿ ಎರಡು ಪಾಲಿನಷ್ಟು ಮೂಲಗಳನ್ನು ‘ಕಠಿಣ’ ಎಂದಷ್ಟೇ ಬರೆದು ಬಿಟ್ಟಿದ್ದಾರೆ. ಯಮಳ ನಕ್ಷತ್ರವೋ, ಹಿನ್ನೆಲೆಯ ದೂರದ ಲೋಕವೋ, ಕಾಠಿಣ್ಯದ ಪ್ರಮಾಣವೊಂದೇ ನಿರ್ಣಯಿಸಲಾರದು. ಖಚಿತವಾದವನ್ನು ‘ಗುರುತಿಸಿದವು’ ಎಂದೂ ಸಂಭಾವ್ಯವಾದವನ್ನು ‘ವರ್ಗೀಕರಿಸಿದವು’ ಎಂದೂ ಬೇರೆಬೇರೆಯಾಗಿಯೇ ಇಟ್ಟಿದ್ದಾರೆ.

ಉಳಿದ ಸಂಶಯವನ್ನು ಕಳೆಯಲು ಬೇರೆ ಬೆಳಕಿನ ಸಾಕ್ಷ್ಯ ಬೇಕು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಏರಿದ ಆಸ್ಟ್ರೋಸ್ಯಾಟ್ ಇಲ್ಲಿ ನೆರವಾಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾದ ಅದರ ನೇರಳಾತೀತ ದೂರದರ್ಶಕ ದೇವಯಾನಿಯನ್ನೂ ಅಳೆಯಿತು. ಚಂದ್ರಶೇಖರ್ ಅವರ ಹೆಸರನ್ನು ಹೊತ್ತ ಅಮೆರಿಕದ ಚಂದ್ರಾ ದೂರದರ್ಶಕ ಕಂಡ ಕ್ಷ-ಕಿರಣ ಮೂಲಗಳನ್ನು ಈ ಹೊಸ ಚಿತ್ರಗಳೊಡನೆ ಹೋಲಿಸಿ ನೋಡಲಾಗಿದೆ.

ನಮ್ಮ ಶಾಲೆಗಳಲ್ಲಿ ದೂರದರ್ಶಕವಿಲ್ಲದಿರಬಹುದು. ದೇವಯಾನಿಯನ್ನು ತೋರಿಸಲು ಕತ್ತಲೆ ಸಾಕು. ತೋರಿಸಿದ ಮೇಲೆ ಮಕ್ಕಳಿಗೆ ಈ ಪಟ್ಟಿಯ ಕಥೆಯನ್ನೂ ಹೇಳೋಣ. ತಿಳಿದುದನ್ನು ತಿಳಿದಷ್ಟೇ ಬರೆಯುವುದು, ಉಳಿದುದಕ್ಕೆ ಸ್ಥಳ ಬಿಡುವುದು: ಇದು ಖಗೋಳಜ್ಞನಿಗೆ ಹೇಗೋ, ಊರಿನ ಶಾಸನವನ್ನು ಓದುವವನಿಗೂ ಶಾಲೆಯ ದಾಖಲೆಯನ್ನು ಬರೆಯುವವನಿಗೂ ಹಾಗೆಯೇ ಧರ್ಮ.