ನಡುರಾತ್ರಿಯ ಟಿ.ವಿ. ಆಟ: ಮೊದಲು ಸೋಲುವುದು ನಿದ್ದೆ

ಹೆಮ್ಮಾಡಿ, ತಲ್ಲೂರು, ಗಂಗೊಳ್ಳಿ ಕಡೆಯವರಿಗೆ ‘ಆಟ’ ಎಂದರೆ ಮೊದಲು ನೆನಪಾಗುವುದು ಯಕ್ಷಗಾನ. ಬೆಳಗಿನ ಜಾವದವರೆಗೆ ರಂಗಸ್ಥಳದ ಮುಂದೆ ಕೂರುವುದು ಈ ಊರುಗಳಿಗೆ ಹೊಸತಲ್ಲ. ಹೀಗಿರುವಾಗ, ರಾತ್ರಿ ಹನ್ನೊಂದರ ಮೇಲೆ ಟಿ.ವಿ.ಯ ಮುಂದೆ ಒಂದು ತಾಸು ಕೂತರೆ ಏನು ಮಹಾ ಕೆಡುತ್ತದೆ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಬಯಲಾಟ ಅಪರೂಪಕ್ಕೆ ಒಂದು ರಾತ್ರಿಯದು. ಮರುದಿನ ಮಧ್ಯಾಹ್ನ ಮಲಗಿದರೆ ದಣಿವು ಬಹುಪಾಲು ಇಳಿಯುತ್ತದೆ. ಆದರೆ ಮನೆಯಲ್ಲಿ ಕೂತು ಆಡುವ ನಡುರಾತ್ರಿಯ ಆಟ ದಿನವೂ ಬರುತ್ತದೆ. ಮೇಲಾಗಿ ಅದು ನಿಮ್ಮನ್ನು ನೋಡುಗರಾಗಿ ಉಳಿಯಲು ಬಿಡುವುದಿಲ್ಲ. ಕೈಗೆ ಫೋನು ಕೊಡುತ್ತದೆ.

ಇದು ಬಂದದ್ದು ಹೇಗೆ?

2000ನೇ ಇಸವಿಯ ಜುಲೈ 3ರಂದು ‘ಕೌನ್ ಬನೇಗಾ ಕರೋಡ್‌ಪತಿ’ ಆರಂಭವಾದಾಗ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉತ್ತರ ಕೂಗುತ್ತಿದ್ದರು. ಅದರಿಂದ ಯಾರ ಜೇಬಿಗೂ ಕತ್ತರಿ ಬೀಳಲಿಲ್ಲ. ಮುಂದೆ ಮನೆಯಲ್ಲಿ ಕೂತವರಿಗೂ ಆಡುವ ಆಮಿಷ ಬಂತು. 2007ರ ಸರಣಿಯಲ್ಲಿ ವೀಕ್ಷಕರು ಎಸ್ಸೆಮ್ಮೆಸ್ ಮೂಲಕ ಉತ್ತರ ಕಳಿಸಬಹುದಿತ್ತು. ಒಂದು ಸಂದೇಶಕ್ಕೆ 2 ರೂಪಾಯಿ 40 ಪೈಸೆ. ಕಂತಿಗೊಬ್ಬರಿಗೆ 2 ಲಕ್ಷ ರೂಪಾಯಿ ಬಹುಮಾನ.

ಇದರ ಜೊತೆಗೇ ಹಲವು ವಾಹಿನಿಗಳಲ್ಲಿ ರಾತ್ರಿ ಹೊತ್ತಿನ ಫೋನ್ ಆಟಗಳೂ ಬಂದವು. ಒಬ್ಬ ಪ್ರಸಿದ್ಧ ನಟನ ಮುಖವನ್ನು ತುಂಡು ತುಂಡು ಮಾಡಿ ಕಲಸಿ ತೋರಿಸುವುದು, ‘ಇವರು ಯಾರು? ಈಗಲೇ ಕರೆ ಮಾಡಿ’ ಎಂದು ನಿರೂಪಕರು ಅವಸರಿಸುವುದು ಅದರ ಕ್ರಮ. ಚಿಕ್ಕ ಮಗುವೂ ಹೇಳಬಲ್ಲ ಉತ್ತರ! ಆದರೆ ಪರದೆಯ ಮೇಲೆ ಯಾರೋ ಒಬ್ಬರು ಕರೆ ಮಾಡಿ ತಪ್ಪು ಹೇಳುತ್ತಾರೆ. ‘ಅಯ್ಯೋ, ನನಗೆ ಗೊತ್ತಿತ್ತಲ್ಲ’ ಎಂದು ನಮ್ಮ ಕೈ ತಾನಾಗಿ ಫೋನಿನತ್ತ ಹೋಗುತ್ತದೆ. ಕರೆ ಕಾಯುತ್ತಿರುತ್ತದೆ, ಹಣ ಹೋಗುತ್ತಿರುತ್ತದೆ.

ಯುರೋಪಿನಲ್ಲಿ ಇದಕ್ಕೆಂದೇ ವಾಹಿನಿಗಳಿದ್ದವು. ಜರ್ಮನಿಯ ‘ನೈನ್ ಲೈವ್’ 2001ರಿಂದ 2011ರವರೆಗೆ ಇಂಥ ಆಟ ನಡೆಸಿತು. ಬ್ರಿಟನ್ನಿನ ‘ಐಟಿವಿ ಪ್ಲೇ’ 2006ರಲ್ಲಿ ಹುಟ್ಟಿ ಮರುವರ್ಷವೇ ಮುಚ್ಚಿತು. ಅಲ್ಲಿನ ಒಂದು ಕಾರ್ಯಕ್ರಮದಲ್ಲಿ ‘ಹೆಂಗಸರ ಕೈಚೀಲದಲ್ಲಿ ಏನೇನಿರುತ್ತದೆ?’ ಎಂಬ ಪ್ರಶ್ನೆಯಿತ್ತು. ಸರಿಯುತ್ತರಗಳಲ್ಲಿ ಒಂದು ಮಂಗನ ಟೋಪಿ. ಇನ್ನೊಂದು, ಸ್ಕ್ರೂ ಕೂರಿಸಲು ಗೋಡೆಯ ತೂತಿಗೆ ತುಂಬುವ ಪ್ಲಗ್ಗು! ಪ್ರಶ್ನೆ ಸುಲಭವಾಗಿ ಕಾಣಬೇಕು, ಉತ್ತರ ಸಿಗಬಾರದು. ಇದೇ ಈ ಆಟದ ಗುಟ್ಟು.

ರಾತ್ರಿಯೇ ಏಕೆ?

ನಮ್ಮ ಮಿದುಳಿನೊಳಗೆ ಬೆಳಕು ಕತ್ತಲೆಗಳನ್ನು ಅನುಸರಿಸುವ ಒಂದು ಗಡಿಯಾರವಿದೆ. ದೇಹದ ಇಂಥ ಗಡಿಯಾರ ಜೀವಕೋಶದೊಳಗೆ ಹೇಗೆ ಓಡುತ್ತದೆ ಎಂದು ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ರಸ ಸ್ರವಿಸಿ, ಮೈಯ ಬಿಸಿ ಸ್ವಲ್ಪ ಇಳಿದು, ದೇಹ ನಿದ್ದೆಗೆ ಸಿದ್ಧವಾಗುತ್ತದೆ. ಪರದೆಯ ಬೆಳಕು ಈ ಸ್ರಾವವನ್ನು ತಡೆಯುತ್ತದೆ. ‘ಇನ್ನು ಹತ್ತೇ ಸೆಕೆಂಡು’ ಎಂಬ ಕೂಗು ಎದೆಬಡಿತವನ್ನು ಏರಿಸುತ್ತದೆ. ಟಿ.ವಿ. ಆರಿಸಿದ ಮೇಲೂ ಈ ಉದ್ವೇಗ ಕೂಡಲೇ ಇಳಿಯದು, ಹಾಸಿಗೆಯಲ್ಲಿ ಹೊರಳಾಡುವಂತಾಗುತ್ತದೆ.

ಇನ್ನೊಂದು ಮುಖ್ಯ ಅಂಶ. ಸತತ 17 ಗಂಟೆ ಎಚ್ಚರವಾಗಿದ್ದವರ ಚುರುಕು, ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆಂದು ಪ್ರಯೋಗಗಳು ತೋರಿಸಿವೆ. ಸೇವಂತಿಗೆ ಗದ್ದೆಗೋ ಮೀನುಗಾರಿಕೆಗೋ ಬೆಳಿಗ್ಗೆ 5ಕ್ಕೆ ಎದ್ದವರಿಗೆ ರಾತ್ರಿ 10ಕ್ಕೇ 17 ಗಂಟೆ ತುಂಬುತ್ತದೆ! ನಿದ್ದೆಗೆಟ್ಟ ಮಿದುಳಿಗೆ ಲಾಭ ದೊಡ್ಡದಾಗಿ, ನಷ್ಟ ಚಿಕ್ಕದಾಗಿ ಕಾಣುತ್ತದೆ ಎಂಬುದೂ ಪರೀಕ್ಷೆಗಳಿಂದ ತಿಳಿದುಬಂದಿದೆ. ‘ಸ್ವಲ್ಪದರಲ್ಲಿ ತಪ್ಪಿತು’ ಎಂಬ ಭಾವನೆಯಂತೂ ಸೋತವರನ್ನು ಮತ್ತೆ ಆಡಿಸುತ್ತದೆ. ಅಂದರೆ, ನಿಮ್ಮ ವಿವೇಕ ತೂಕಡಿಸುವ ಹೊತ್ತಿಗೆ ಸರಿಯಾಗಿ ಆಟ ಶುರುವಾಗುತ್ತದೆ.

ಮರುದಿನದ ಲೆಕ್ಕ

ವಯಸ್ಕರಿಗೆ ದಿನಕ್ಕೆ 7 ಗಂಟೆಯಾದರೂ ನಿದ್ದೆ ಬೇಕು. 13ರಿಂದ 18 ವರ್ಷದ ಮಕ್ಕಳಿಗೆ 8ರಿಂದ 10 ಗಂಟೆ. ದಿನಾ ಒಂದೆರಡು ಗಂಟೆ ಕೊರತೆಯಾದರೆ ಮರೆವು, ಸಿಡುಕು, ಅವೇಳೆಯಲ್ಲಿ ಹಸಿವು ಕಾಣಿಸಿಕೊಳ್ಳುತ್ತವೆ. ದೀರ್ಘಕಾಲ ನಡೆದರೆ ರಕ್ತದೊತ್ತಡ, ಬೊಜ್ಜು, ಸಕ್ಕರೆ ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತದೆ. ಹೆದ್ದಾರಿಯ ಬದಿಯ ಊರಿನವರು ಇನ್ನೊಂದನ್ನೂ ಮರೆಯಬಾರದು: ತೂಕಡಿಸುತ್ತಾ ಬೈಕ್ ಓಡಿಸುವುದು ಕುಡಿದು ಓಡಿಸಿದಷ್ಟೇ ಅಪಾಯ.

ಈಗ ಆಟ ಟಿ.ವಿ.ಯಿಂದ ಮೊಬೈಲಿಗೆ ಇಳಿದಿದೆ. ಹಿಂದೆ ಚಾವಡಿಯಲ್ಲಿ ಟಿ.ವಿ. ಉರಿಯುತ್ತಿದ್ದರೆ ಮನೆಯವರಿಗೆ ತಿಳಿಯುತ್ತಿತ್ತು. ಈಗ ಹೊದಿಕೆಯೊಳಗಿನ ಬೆಳಕು ಯಾರಿಗೂ ಕಾಣದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿತು. ಆದರೆ ಮನೆಯ ದೀಪ ಆರಿಸುವ ಕೆಲಸ ಕಾಯ್ದೆಯದಲ್ಲ, ನಮ್ಮದು.

ನೀವು ಮಾಡಬಹುದಾದದ್ದು

1. ರಾತ್ರಿ 9ರ ನಂತರ ಹಣದ ಯಾವ ನಿರ್ಧಾರವನ್ನೂ ಮಾಡಬೇಡಿ. ಬಹುಮಾನದ ಆಟಕ್ಕೂ ಇದೇ ನಿಯಮ.

2. ಮಲಗುವ ಒಂದು ಗಂಟೆ ಮೊದಲು ಟಿ.ವಿ., ಮೊಬೈಲ್ ಎರಡನ್ನೂ ಆರಿಸಿ. ಮೊಬೈಲನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗಿಡಿ.

3. ರಸಪ್ರಶ್ನೆ ಇಷ್ಟವೇ? ಸಂಜೆ ಮಕ್ಕಳೊಂದಿಗೆ ಆಡಿ. ಬಾಯಿಲೆಕ್ಕ, ಒಗಟು, ಚೆನ್ನೆಮಣೆ ಯಾವುದೂ ಆದೀತು.

4. ತಡವಾಗಿ ಮಲಗಿದರೂ ಏಳುವ ಹೊತ್ತನ್ನು ಬದಲಿಸಬೇಡಿ. ಬೆಳಗಿನ ಬಿಸಿಲಿಗೆ ಸ್ವಲ್ಪ ಮೈಯೊಡ್ಡಿದರೆ ದೇಹದ ಗಡಿಯಾರ ಸರಿದಾರಿಗೆ ಬರುತ್ತದೆ.

5. ಕಳೆದ ಹಣವನ್ನು ಮರಳಿ ಗೆಲ್ಲಲು ಆಡುವುದು, ಆಟದ ಖರ್ಚನ್ನು ಮನೆಯವರಿಂದ ಮುಚ್ಚಿಡುವುದು, ಸಾಲ ಮಾಡುವುದು – ಇವು ಚಟದ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಜೂಜಿನ ಚಟವೂ ಸೇರಿದೆ.

ಹೀಗಿರುವವರನ್ನು ಬೈದು ಪ್ರಯೋಜನವಿಲ್ಲ. ಬೈದಷ್ಟೂ ಅವರು ಮುಚ್ಚಿಡುವುದು ಹೆಚ್ಚುತ್ತದೆ. ಹಗಲು ಹೊತ್ತಿನಲ್ಲಿ, ಒಬ್ಬರೇ ಇರುವಾಗ ಕೂರಿಸಿ ಕೇಳಿ; ಸಾಲವಿದ್ದರೆ ಲೆಕ್ಕವನ್ನು ಒಟ್ಟಿಗೆ ಬರೆಯಿರಿ. ‘ಟೆಲಿಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಆಟಗಳ ಚಟಕ್ಕೆಂದೇ 2014ರಲ್ಲಿ ಪ್ರತ್ಯೇಕ ಕ್ಲಿನಿಕ್ ಆರಂಭವಾಗಿದೆ. ಮೂರು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ ನಿದ್ದೆಮಾತ್ರೆಯನ್ನು ಸ್ವಂತಕ್ಕೆ ತಂದು ನುಂಗದೆ, ನಿಮ್ಮ ವೈದ್ಯರನ್ನು ಕಾಣಿ.